ಸ್ಲ್ಯಾಬಿನ ಅಡಿಗೊಂದು ಕಪ್ಪು ಬಟ್ಟೆ

ದೀಪಾವಳಿ ಹೊತ್ತಿಗೆ ಮಣಿಪಾಲದ ಬಳಿಯ ಅಲೆವೂರಿನ ಹಳೆಯ ತಾರಸಿ ಮನೆಗಳಲ್ಲಿ ತಲೆ ಎತ್ತಿ ನೋಡಬೇಕು. ಸ್ಲ್ಯಾಬಿನ ಅಡಿಯಲ್ಲಿ ಕಂದು ಕಲೆ, ಸರಳಿನ ಉದ್ದಕ್ಕೂ ಸೀಳು, ಸಿಮೆಂಟು ಉದುರಿದಲ್ಲಿ ಇಣುಕುವ ಕಬ್ಬಿಣ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆ, ಕಡಲೂ ದೂರವಿಲ್ಲ. ತುಕ್ಕು ಹಿಡಿದ ಸರಳು ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ.

ಕೆಂಪುಕಲ್ಲಿನ ಹಳೆ ಗೋಡೆಯ ಮೇಲೆ ಮಾಳಿಗೆ ಏರಿಸುವಾಗ ಭಾರ ತಗ್ಗಿಸಲು ಹಗುರ ಕಾಂಕ್ರೀಟು ಬಳಸುವುದುಂಟು. ಜಲ್ಲಿಯ ಜಾಗದಲ್ಲಿ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡು ಅಥವಾ ಹಾರುಬೂದಿಯ ಉಂಡೆ. ಘನಮೀಟರಿಗೆ 2400 ಕಿಲೋ ಇದ್ದದ್ದು 1800ರ ಸುತ್ತ ಇಳಿಯುತ್ತದೆ. ಎಳೆತ ತಾಳುವ ಶಕ್ತಿಯೂ ತುಸು ಇಳಿಯುತ್ತದೆ. ಇಂಥ ಸ್ಲ್ಯಾಬಿನ ದುರಸ್ತಿಯ ಸೂಕ್ಷ್ಮವೆಲ್ಲ ಇಲ್ಲಿದೆ.

ಮೊದಲು ಸ್ಲ್ಯಾಬಿಗೆ ಜಾಕಿ ಕೊಟ್ಟು ನಿಲ್ಲಿಸುತ್ತಾರೆ. ಮೇಸ್ತ್ರಿ ಸುತ್ತಿಗೆಯಿಂದ ಅಡಿಯನ್ನು ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಇದ್ದಲ್ಲಿ ಟಣ್, ಪೊಳ್ಳಾದಲ್ಲಿ ದಬ್. ದಬ್ ಎಂದದ್ದನ್ನೆಲ್ಲ ಒಡೆದು ತೆಗೆಯುವುದು, ಸರಳಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು, ಪಾಲಿಮರ್ ಗಾರೆ ತುಂಬುವುದು, ಅದು ಬಲಿತ ಮೇಲೆ ಗ್ರೈಂಡರ್ ಹಿಡಿದು ಸಮ ಮಾಡುವುದು. ದಿನಗಳು ಹಿಡಿಯುವುದು ಇದಕ್ಕೇ. ಆಮೇಲೆ ಬರುವುದು ಸ್ಲ್ಯಾಬಿನ ಅಡಿಗೆ ಅಂಟಿಸುವ ಕಾರ್ಬನ್ ನಾರಿನ ಹಾಳೆ. ಅದನ್ನು ಕಂಡ ಮನೆಯೊಡತಿಗೆ ಅನುಮಾನ:

"ಇಷ್ಟು ತೆಳು ಬಟ್ಟೆ ಭಾರ ಹೊರ್ತದಾ ಮಾರಾಯ್ರೆ?"

"ಹೊರ್ತದೆ ಅಮ್ಮ. ಆದ್ರೆ ಸ್ಲ್ಯಾಬ್ ಒಣಗದೆ ಅಂಟಿಸ್ಲಿಕ್ಕಿಲ್ಲ."

ಕಾರ್ಬನ್ ಹಾಳೆ ಸುರುಳಿ ಬಿಚ್ಚಿದರೆ ಹೊಸ ಕೊಡೆಯ ಬಟ್ಟೆಯಂತೆ ಕಪ್ಪಗೆ ಮಿನುಗುತ್ತದೆ. ಚದರ ಮೀಟರಿಗೆ 200ರಿಂದ 300 ಗ್ರಾಂ, ಕತ್ತರಿಯಲ್ಲೇ ತುಂಡಾಗುತ್ತದೆ. ಪ್ರೈಮರ್, ಪುಟ್ಟಿ, ಅದರ ಮೇಲೆ ಎಪಾಕ್ಸಿ. ಎರಡು ಡಬ್ಬಿಯದನ್ನು ಬೆರೆಸಿದ ಮೇಲೆ ತಡಮಾಡುವಂತಿಲ್ಲ, ಸೆಕೆಗೆ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಹಾಳೆಯನ್ನು ಒತ್ತಿ, ಎಳೆಯ ಉದ್ದಕ್ಕೆ ರೋಲರ್ ಓಡಿಸಿ, ಒಳಗೆ ಸಿಕ್ಕ ಗಾಳಿಯನ್ನು ಅಂಚಿಗೆ ತಳ್ಳುತ್ತಾರೆ. ಮೇಲೊಂದು ಎಪಾಕ್ಸಿ ಕೈ.

ಈ ವಿದ್ಯೆಗೆ ಹೆಸರು ಬಂದದ್ದು ಸ್ವಿಟ್ಜರ್ಲೆಂಡಿನಲ್ಲಿ. 1991ರಲ್ಲಿ ಲ್ಯೂಸರ್ನ್ ಬಳಿಯ ಈಬಾಖ್ ಸೇತುವೆಗೆ 175 ಕಿಲೋ ಉಕ್ಕು ಬೇಕಿದ್ದ ಕಡೆ 6.2 ಕಿಲೋ ಕಾರ್ಬನ್ ಪಟ್ಟಿ ಸಾಕಾಯಿತು. ಆ ಹಗುರಕ್ಕೇ ನನಗೆ ಈ ಹಾಳೆ ಮೆಚ್ಚು: ಸೋತ ಸ್ಲ್ಯಾಬಿಗೆ ಮತ್ತೆ ಭಾರ ಹೇರುವುದಿಲ್ಲ.

ಹಾಳೆ ಹರಿಯುವುದು ಅಪರೂಪ. ಕೈಕೊಡುವುದು ಅಂಟಿದ ಕಾಂಕ್ರೀಟು. ತೆಳು ಪದರ ಕಿತ್ತುಕೊಂಡು ಹಾಳೆ ಕಳಚುತ್ತದೆ. ಹಗುರ ಕಾಂಕ್ರೀಟಿನಲ್ಲಿ ಈ ಭಯ ಹೆಚ್ಚು. ಅದಕ್ಕೇ ಉಕ್ಕಿನ ಬಿಲ್ಲೆ ಅಂಟಿಸಿ ಎಳೆದು ನೋಡುವ ಪರೀಕ್ಷೆ ಇದೆ. ಚದರ ಸೆಂಟಿಮೀಟರಿಗೆ ಸುಮಾರು 14 ಕಿಲೋ ಎಳೆತ ತಾಳದಿದ್ದರೆ ಹಾಳೆ ಅಂಟಿಸುವುದೇ ಬೇಡ. ಎಪಾಕ್ಸಿ ಬೆಂಕಿಗೂ ಬಗ್ಗುತ್ತದೆ, ಅಡುಗೆಮನೆ ಮೇಲಿದ್ದರೆ ಬೆಂಕಿ ತಡೆಯುವ ಲೇಪ ಬೇಕೇ ಬೇಕು. ಉಪ್ಪಿನಂಶ ಒಳಗೇ ಉಳಿದರೆ ಕಪ್ಪು ಬಟ್ಟೆಯ ಮರೆಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ, ಕಣ್ಣಿಗೂ ಬೀಳದೆ.

1957ರಿಂದ ಎಂಜಿನಿಯರಿಂಗ್ ಕಾಲೇಜಿರುವ ಮಣಿಪಾಲ ಪಕ್ಕದಲ್ಲೇ ಇದೆ. ಬಲ್ಲವರಿಗೆ ಇಲ್ಲಿ ಬರವಿಲ್ಲ. ದಯವಿಟ್ಟು ಬಿರುಕಿನ ಮೇಲೆ ಪೇಂಟ್ ಬಳಿದು ಸುಮ್ಮನಾಗಬೇಡಿ. ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆದು ತೋರಿಸಿ, ಮೊದಲು ಸೋರಿಕೆ ನಿಲ್ಲಿಸಿ. ಕಾರ್ಬನ್ ಹಾಳೆಯ ಮಾತು ಆಮೇಲಿನದು.