ಮನುಷ್ಯ ಸ್ವಭಾವವೂ ಅಳಿಯಕಟ್ಟೂ

ಮನುಷ್ಯನ ಸ್ವಭಾವವೆಂದರೇನು ಎಂಬ ಪ್ರಶ್ನೆಗೆ ಉತ್ತರವನ್ನು ದೊಡ್ಡ ಗ್ರಂಥಗಳಲ್ಲಿ ಹುಡುಕುವವರು ಬಹಳ ಮಂದಿ. ಕೆಲವು ದಿನಗಳ ಹಿಂದೆ ಆ ಪ್ರಶ್ನೆ ಬೆಳ್ತಂಗಡಿಯ ನಮ್ಮ ಮನೆಯ ಜಗಲಿಗೆ ತಾನಾಗಿಯೇ ನಡೆದುಬಂದಿತು. ಜೀವವಿಜ್ಞಾನವನ್ನು ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಪುಸ್ತಕವೊಂದನ್ನು ಹಿಡಿದು ಬಂದು ಕುಳಿತಳು. ಅವಳ ಮೊಗದಲ್ಲಿ ಕುತೂಹಲಕ್ಕಿಂತ ನೋವೇ ಹೆಚ್ಚಾಗಿತ್ತು.

“ಮಾಸ್ಟ್ರೆ, ತಂದೆ ಯಾರೆಂಬುದು ನಿಶ್ಚಯವಿಲ್ಲದಲ್ಲಿ ಗಂಡಸರು ಸೋದರಿಯ ಮಕ್ಕಳಿಗೆ ಆಸ್ತಿ ಬಿಡುತ್ತಾರೆಂದು ಇದರಲ್ಲಿ ಬರೆದಿದ್ದಾರೆ. ಹಾಗಾದರೆ ನಮ್ಮ ಅಜ್ಜಿಯಂದಿರು ಎಂಥವರು?”

ನಾನೂ ಅಳಿಯಕಟ್ಟಿನ ಮನೆಯಲ್ಲಿ ಬೆಳೆದವನೇ. ಆದುದರಿಂದ ಉತ್ತರವು ಕೋಪದ ರೂಪದಲ್ಲಿ ನಾಲಗೆಯ ತುದಿಗೆ ಬಂದಿತ್ತು. ಆದರೆ ಕೋಪವು ವಾದವಲ್ಲ. ಒಂದು ವಾರದ ಅವಧಿ ಕೇಳಿಕೊಂಡೆ. ಆ ವಾರದಲ್ಲಿ ನಾನು ಯೋಚಿಸಿದ್ದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು, ಜೈನರು ಮೊದಲಾದವರಲ್ಲಿ ಬಹುಕಾಲ ನಡೆದುಬಂದುದು ಅಳಿಯಸಂತಾನ. ತುಳುವಿನಲ್ಲಿ ಅದನ್ನೇ ಅಳಿಯಕಟ್ಟು ಎನ್ನುತ್ತೇವೆ. ಮಗುವು ತಾಯಿಯ ಬರಿಗೆ ಸೇರುತ್ತದೆ. ಕುಟುಂಬದ ಆಸ್ತಿ ತಾಯಿಯ ಸಂತತಿಯಲ್ಲಿ ಹರಿಯುತ್ತದೆ. ಅರಸುಮನೆತನಗಳಿಗೂ ಇದೇ ಕಟ್ಟು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನು ಮೂಡುಬಿದಿರೆಯ ಚೌಟರ ಮನೆಯವಳು. ಅವಳನ್ನು ಆಳ್ವಿಕೆಗೆ ಸಿದ್ಧಪಡಿಸಿದವನು ಸೋದರಮಾವ ತಿರುಮಲರಾಯ.

ಈ ಕಟ್ಟಿಗೆ ಜನರೇ ಒಂದು ಕಾರಣವನ್ನು ಹೇಳಿಕೊಂಡು ಬಂದಿದ್ದಾರೆ. ಅರಸನೊಬ್ಬನ ಹಡಗುಗಳು ಕಡಲಿಗಿಳಿಯದೆ ನಿಂತಾಗ ಕುಂಡೋದರನೆಂಬ ಭೂತ ಬಲಿ ಕೇಳಿತಂತೆ. ತನ್ನ ಮಕ್ಕಳನ್ನು ಕೊಡಲಾರೆನೆಂದಳು ಹೆಂಡತಿ. ತನ್ನ ಮಗನನ್ನು ತಂದು ನಿಲ್ಲಿಸಿದಳು ತಂಗಿ. ಭೂತ ಅವನನ್ನು ಕೊಲ್ಲದೆ ಹರಸಿತು. ಅವನೇ ಭೂತಾಳಪಾಂಡ್ಯನಾಗಿ, ಸೋದರಳಿಯನಿಗೆ ಹಕ್ಕು ಸಲ್ಲುವ ಕಟ್ಟಳೆಯನ್ನು ಮಾಡಿದನೆಂದು ಐತಿಹ್ಯ. ಇದು ಚರಿತ್ರೆಯಲ್ಲದಿರಬಹುದು. ಆದರೂ ಒಂದು ಮಾತನ್ನು ಗಮನಿಸಬೇಕು: ಈ ಕತೆಯಲ್ಲಿ ಹೆಂಡತಿಯ ಶೀಲದ ಮೇಲೆ ಸಂಶಯದ ನೆರಳೂ ಇಲ್ಲ. ಇರುವುದು ಸೋದರಿಯ ಋಣ.

ಇನ್ನು ಪುಸ್ತಕದ ವಾದ. ಡಾರ್ವಿನನ ವಿಕಾಸತತ್ತ್ವವನ್ನು ನಡತೆಗೂ ಮನಸ್ಸಿಗೂ ಅನ್ವಯಿಸುವ ಪ್ರಯತ್ನ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಲವಾಗಿ ಬೆಳೆಯಿತು. ಅದಕ್ಕೆ ಇಂದು ವಿಕಾಸ ಮನಶ್ಶಾಸ್ತ್ರವೆಂಬ ಹೆಸರಿದೆ. ೧೯೬೪ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ರಕ್ತಸಂಬಂಧಕ್ಕೆ ಒಂದು ಗಣಿತವನ್ನು ಕಟ್ಟಿದನು. ಅದರ ಪ್ರಕಾರ ತಂದೆಗೆ ಮಗು ಅರ್ಧ ಪಾಲಿನ ಬಂಧು; ಸೋದರಮಾವನಿಗೆ ಅಳಿಯ ಕಾಲು ಪಾಲಿನ ಬಂಧು. ಹಾಗಿರುವಾಗ ಅರ್ಧವನ್ನು ಬಿಟ್ಟು ಕಾಲನ್ನು ಸಾಕುವುದೇಕೆ? ಮಗು ತನ್ನದೇ ಎಂಬ ಭರವಸೆ ಕಡಮೆಯಾದಲ್ಲಿ, ಒಡಹುಟ್ಟಿದವಳ ಮಗುವಾದರೂ ತನ್ನ ತಾಯಿಯ ರಕ್ತವೆಂಬುದು ಖಚಿತವಷ್ಟೆ, ಎಂದು ೧೯೭೪ರಲ್ಲಿ ಅಮೆರಿಕದ ರಿಚರ್ಡ್ ಅಲೆಕ್ಸಾಂಡರ್ ಸಮಾಧಾನ ಹೇಳಿದನು. ಮರುವರ್ಷ ಎಡ್ವರ್ಡ್ ವಿಲ್ಸನ್ ಮನುಷ್ಯ ಸಮಾಜವನ್ನೂ ಜೀವವಿಜ್ಞಾನದ ತೆಕ್ಕೆಗೆ ತೆಗೆದುಕೊಳ್ಳುವ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ನೆಂಟಸ್ತಿಕೆಯನ್ನು ಎಣಿಸುವುದು ಸಂಸ್ಕೃತಿಯೇ ಹೊರತು ರಕ್ತದ ಭಿನ್ನರಾಶಿಯಲ್ಲವೆಂದು ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ೧೯೭೬ರಲ್ಲಿ ಅದಕ್ಕೆ ಪ್ರತ್ಯುತ್ತರವಿತ್ತನು. ಆ ಜಗಳ ಇನ್ನೂ ಮುಗಿದಿಲ್ಲ.

ಜಗಳದಲ್ಲಿ ಪಕ್ಷ ವಹಿಸುವ ಮೊದಲು ಲೆಕ್ಕವನ್ನೇ ಮಾಡಿ ನೋಡಬಾರದೇಕೆ? ಸಂಶಯವು ಒಂದು ತಲೆಮಾರಿನದಲ್ಲ. ನನ್ನ ಮಕ್ಕಳ ವಿಷಯದಲ್ಲಿ ಸಂಶಯವಿದ್ದರೆ, ನಾನೂ ನನ್ನ ಸೋದರಿಯೂ ಒಬ್ಬನೇ ತಂದೆಯ ಮಕ್ಕಳೆಂಬುದರಲ್ಲಿಯೂ ಸಂಶಯವಿರಬೇಕು. ಆಗ ಅಳಿಯನ ಕಾಲು ಪಾಲೂ ಕುಗ್ಗುತ್ತದೆ. ಇದನ್ನೆಲ್ಲ ಸೇರಿಸಿ ಗುಣಿಸಿದರೆ, ನೂರು ಮಕ್ಕಳಲ್ಲಿ ಗಂಡನಿಗೆ ಹುಟ್ಟಿದವರು ಸುಮಾರು ೨೭ಕ್ಕಿಂತ ಕಡಮೆಯಾದಾಗ ಮಾತ್ರ ಅಳಿಯನು ಮಗನಿಗಿಂತ ಹತ್ತಿರದವನಾಗುತ್ತಾನೆ. ಅಂಥ ಸಮಾಜ ಎಲ್ಲಿದೆ? ಆಫ್ರಿಕದ ನಮೀಬಿಯದಲ್ಲಿ ಹಿಂಬಾ ಎಂಬ ಪಶುಪಾಲಕ ಜನರಿದ್ದಾರೆ. ವಿವಾಹದ ಹೊರಗಿನ ಸಂಬಂಧವನ್ನು ಅವರು ಮರೆಮಾಚುವುದಿಲ್ಲ. ೨೦೨೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅವರ ಮಕ್ಕಳಲ್ಲಿ ನೂರಕ್ಕೆ ೪೮ ಮಂದಿ ಗಂಡನಿಗೆ ಹುಟ್ಟಿದವರಲ್ಲವೆಂದು ತಿಳಿದುಬಂದಿತು. ಇಂಥ ಸಣ್ಣ ಸಮುದಾಯಗಳಲ್ಲಿ ಅಲ್ಲಿಯವರೆಗೆ ದಾಖಲಾದ ಅತಿ ದೊಡ್ಡ ಪ್ರಮಾಣವದು. ಅಲ್ಲಿಯೂ ಉಳಿದ ೫೨ ಮಂದಿ ಗಂಡನವರೇ. ಎಂದಮೇಲೆ, ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳಿ, ಮಕ್ಕಳು ತಂದೆಯ ಕಣ್ಣೆದುರಿಗೇ ಬೆಳೆಯುತ್ತಿದ್ದ ಮನೆಗಳು ಎಷ್ಟೋ ಇದ್ದ ನಮ್ಮ ನಾಡಿಗೆ ಈ ವಾದ ಹೇಗೆ ಹೊಂದೀತು?

ವಿಜ್ಞಾನಕ್ಕೆ ಅನ್ಯಾಯವಾಗಬಾರದು. ಈ ಸಮಾಧಾನದ ಕೊರತೆಯನ್ನು ಕಂಡುಹಿಡಿದವರೂ ಆ ಶಾಸ್ತ್ರದವರೇ. ಆಮೇಲೆ ಬಂದ ಕೆಲವರು ಮಾವನ ಕಣ್ಣಿನಿಂದ ನೋಡುವುದನ್ನು ಬಿಟ್ಟು ಅಜ್ಜಿಯ ಕಣ್ಣಿನಿಂದ ನೋಡಿದರು. ಅಜ್ಜಿಗೆ ಮಗನ ಮಕ್ಕಳೂ ಮಗಳ ಮಕ್ಕಳೂ ಮೊಮ್ಮಕ್ಕಳೇ. ಆಸ್ತಿಯಿಂದ ಮಗನಿಗೆ ವಿಶೇಷ ಲಾಭವಿಲ್ಲದಿದ್ದರೆ ಅದು ಮಗಳ ಕಡೆಗೆ ಹರಿಯುವುದಕ್ಕೆ ದೊಡ್ಡ ಸಂಶಯವೇನೂ ಬೇಕಾಗಿಲ್ಲ. ಆಫ್ರಿಕದ ಬಂಟು ಭಾಷಿಕರಲ್ಲಿ ದನಕರುಗಳ ಸಾಕಣೆ ಹರಡಿದಲ್ಲಿ ತಾಯಿಬಳಿಯ ಕಟ್ಟು ಅಳಿಯುತ್ತ ಬಂದಿತೆಂದು ೨೦೦೩ರಲ್ಲಿ ಇಬ್ಬರು ವಿದ್ವಾಂಸರು ತೋರಿಸಿದರು. ದನವು ಗಂಡಿಗೆ ವಧುವನ್ನು ತರುವ ಧನ. ಆದ್ದರಿಂದ ಅದು ಮಗನ ಕಡೆಗೆ ಹೋಗುತ್ತದೆ.

ಅಜ್ಜಿಯ ಕಣ್ಣು ನಮಗೂ ಸಲ್ಲುತ್ತದೆ. ಅಳಿಯಸಂತಾನವೆಂಬ ಹೆಸರೇ ನಮ್ಮನ್ನು ಹಾದಿ ತಪ್ಪಿಸಿದೆ. ಅಳಿಯನು ಯಜಮಾನನಾಗಿ ಆಡಳಿತ ಮಾಡಿದನು, ನಿಜ. ಆದರೆ ಕುಟುಂಬದ ಕವರುಗಳು ಕವಲೊಡೆದುದು ಹೆಣ್ಣಿನಿಂದ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿತ್ತು, ಯಜಮಾನ್ತಿಯಾಗಿ ಮನೆ ನಡೆಸಿದ ಹೆಂಗಸರೂ ಇದ್ದರು. ಹೆಣ್ಣಿಗೆ ನೆಲೆಯಿತ್ತ ಕಟ್ಟನ್ನೇ ಹೆಣ್ಣಿನ ನಿಂದೆಗೆ ಸಾಕ್ಷಿಯಾಗಿ ಎಳೆದು ತರುವುದು ವಿಪರ್ಯಾಸವಲ್ಲವೆ?

ಇಷ್ಟು ತರ್ಕದಿಂದ ಸ್ವಭಾವವೆಂಬುದು ಇಲ್ಲವೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ನನ್ನ ಬಾಲ್ಯದ ನೆನಪೊಂದು ಅಡ್ಡ ಬರುತ್ತದೆ. ಶಾಲೆಗೆ ಹತ್ತಿರವೆಂದು ನನ್ನನ್ನು ತಾಯಿಮನೆಯಲ್ಲಿ ಬಿಟ್ಟಿದ್ದರು. ಯಜಮಾನಿಕೆ ಸೋದರಮಾವನದು. ಒಂದು ಮಳೆಗಾಲದ ಆರಂಭದಲ್ಲಿ ಅವರು ಸಂತೆಯಿಂದ ನನಗೊಂದು ಬಟ್ಟೆಯ ಕೊಡೆ ತಂದರು. ಕುಟುಂಬದ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆಯನ್ನು ಬರೆದರು. ಸಂಜೆ ನನ್ನನ್ನು ಹಿತ್ತಿಲಿಗೆ ಕರೆದು, ಅಂಥದೇ ಇನ್ನೊಂದು ಕೊಡೆಯನ್ನು ಬೈರಾಸಿನೊಳಗಿಂದ ತೆಗೆದು ಕೈಗಿತ್ತರು. ಅದು ಅವರ ಮಗನಿಗೆ. ಅವನು ಅವನ ತಾಯಿಮನೆಯಲ್ಲಿದ್ದು ನನ್ನ ಶಾಲೆಗೇ ಬರುತ್ತಿದ್ದನು.

“ನಾಳೆ ಅವನಿಗೆ ಕೊಡು ಮಗಾ. ಇದು ಲೆಕ್ಕದ್ದಲ್ಲ, ನನ್ನ ಹೊಗೆಸೊಪ್ಪಿನ ದುಡ್ಡಿನದು. ಮನೆಯಲ್ಲಿ ಹೇಳಬೇಡ.”

ನಾನು ಹೇಳಲಿಲ್ಲ. ಆ ಮಳೆಗಾಲವೆಲ್ಲ ಮಾವನಿಗೆ ಹೊಗೆಸೊಪ್ಪಿರಲಿಲ್ಲವೆಂಬುದು ಬಹಳ ವರ್ಷಗಳ ಮೇಲೆ ಹೊಳೆಯಿತು. ಮಗನು ತನ್ನವನೆಂಬುದರಲ್ಲಿ ಸಂಶಯವಿದ್ದ ತಂದೆಯ ಕೆಲಸವೆ ಇದು? ಹಾಗೆಂದು ನನಗೆ ಕೊಟ್ಟ ಕೊಡೆ ಬರಿಯ ಕರ್ತವ್ಯದ್ದೆನ್ನಲಾರೆ. ಜ್ವರ ಬಂದಾಗ ರಾತ್ರಿಯಿಡೀ ನನ್ನ ತಲೆಯ ಬಳಿ ಕುಳಿತವರೂ ಅವರೇ. ಸ್ವಭಾವವು ಮನುಷ್ಯನಿಗೆ ಎರಡು ಕಡೆಗೂ ಹರಿಯುವ ಪ್ರೀತಿಯನ್ನು ಕೊಟ್ಟಿದೆ. ಯಾವುದನ್ನು ಲೆಕ್ಕದಲ್ಲಿ ಬರೆಯಬೇಕು, ಯಾವುದನ್ನು ಬೈರಾಸಿನಲ್ಲಿ ಮುಚ್ಚಬೇಕು ಎಂಬುದನ್ನು ನಿಶ್ಚಯಿಸುವುದು ಕಟ್ಟು.

ಕಟ್ಟು ಬದಲಾಗುತ್ತದೆ. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಾಗ, ೧೯೪೯ರಲ್ಲಿ, ಅಳಿಯಸಂತಾನ ಶಾಸನವು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ತೀರಿಹೋದವನ ಪಾಲಿಗೆ ಅವನ ಮಕ್ಕಳನ್ನೂ ವಾರಸುದಾರರನ್ನಾಗಿ ಮಾಡಿತು. ಮುಚ್ಚಿಟ್ಟ ಕೊಡೆ ಲೆಕ್ಕದ ಪುಸ್ತಕಕ್ಕೆ ಬಂದಿತು. ಆ ಏಳು ವರ್ಷಗಳಲ್ಲಿ ನಮ್ಮ ರಕ್ತವೇನೂ ಬದಲಾಗಿರಲಿಲ್ಲ. ನಮ್ಮ ಅಜ್ಜಿಯಂದಿರ ನಡತೆಯೂ ಬದಲಾಗಿರಲಿಲ್ಲ.

ವಾರದ ಮೇಲೆ ಹುಡುಗಿ ಬಂದಾಗ ಇದನ್ನೆಲ್ಲ ಹೇಳಿದೆ. ಅವಳು ಕೊಡೆಯ ಕತೆಯನ್ನು ಸುಮ್ಮನೆ ಕೇಳಿದಳು. ಗಣಿತವನ್ನು ಮಾತ್ರ ನಂಬಲಿಲ್ಲ. ಪೆನ್ಸಿಲು ತೆಗೆದುಕೊಂಡು ಪುಸ್ತಕದ ಆ ಪುಟದ ಅಂಚಿನಲ್ಲಿಯೇ ಎರಡು ಸಲ ಲೆಕ್ಕ ಮಾಡಿದಳು. ಎರಡು ಸಲವೂ ೦.೨೬೮ ಬಂದಿತು. ಅದರ ಕೆಳಗೆ ಗೆರೆ ಎಳೆದು, “ಅಜ್ಜಿಗೆ ತೋರಿಸುತ್ತೇನೆ” ಎಂದು ಎದ್ದು ಹೋದಳು.