ಗಿಟಾರ್ ತಯಾರಿಕೆಯಲ್ಲಿ ಬೀಟೆ ಮರ: ಸಾರ್ವಜನಿಕರಿಗೆ ಮಾಹಿತಿ

ಚುಂಚನಕಟ್ಟೆಯ ಕಾವೇರಿ ಬಯಲಿನಿಂದ ದಕ್ಷಿಣಕ್ಕೆ ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಎಲೆಯುದುರುವ ಕಾಡುಗಳಲ್ಲಿ ತೇಗ, ಮತ್ತಿ, ಹೊನ್ನೆ ಮರಗಳೊಂದಿಗೆ ಬೀಟೆ ಮರವೂ ಬೆಳೆಯುತ್ತದೆ. ಮೈಸೂರಿನ ಇನ್‌ಲೇ ಕಲೆಗೆ ಆಧಾರವಾದ ಈ ಮರಕ್ಕೆ ಗಿಟಾರ್ ತಯಾರಕರಿಂದಲೂ ವಿಶ್ವದಾದ್ಯಂತ ಬೇಡಿಕೆಯಿದೆ.

ಬೇಡಿಕೆಗೆ ಕಾರಣ

ಗಿಟಾರ್‌ನ ಮೇಲ್ಹಲಗೆಯನ್ನು ಸಾಮಾನ್ಯವಾಗಿ ಸ್ಪ್ರೂಸ್‌ನಂತಹ ಹಗುರ ಮರದಿಂದಲೂ, ಹಿಂಬದಿ ಮತ್ತು ಪಕ್ಕದ ಹಲಗೆಗಳನ್ನು ಗಡಸು ಮರದಿಂದಲೂ ಮಾಡಲಾಗುತ್ತದೆ. ಬೀಟೆಯ ಚೇಗು ಭಾರವಾಗಿದ್ದು, ತಟ್ಟಿದಾಗ ನಾದವು ಬೇಗನೆ ಅಡಗುವುದಿಲ್ಲ. ಸುಮಾರು 2.5 ಮಿ.ಮೀ. ದಪ್ಪಕ್ಕೆ ಸೀಳಿದ ಹಲಗೆಯನ್ನು ಶಾಖ ನೀಡಿ ಬಾಗಿಸಬಹುದು. ಮೊದಲು ಬ್ರೆಜಿಲ್ ದೇಶದ ಬೀಟೆ ಜಾತಿಯ ಮರವು ಹೆಚ್ಚು ಬಳಕೆಯಲ್ಲಿತ್ತು. ಅದರ ಪೂರೈಕೆ ಕುಗ್ಗಿದ್ದರಿಂದ ಅಮೆರಿಕದ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಭಾರತದ ಬೀಟೆಯನ್ನು ಅಳವಡಿಸಿಕೊಂಡಿತು. 1992ರಲ್ಲಿ ಬ್ರೆಜಿಲ್‌ನ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು.

ಬೇರೆ ಮರಗಳ ಬಳಕೆ

ಹಿಂಬದಿಯ ಮರವೇ ನಾದವನ್ನು ನಿರ್ಧರಿಸುತ್ತದೆ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಅಧ್ಯಯನದಲ್ಲಿ, ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದಂತೆ ಒಂದೇ ರೀತಿಯ 6 ಗಿಟಾರ್‌ಗಳನ್ನು 52 ಮಂದಿ ವಾದಕರು ಮರ ಕಾಣದಂತೆ ನುಡಿಸಿದರು. ಅವರು ನೀಡಿದ ಅಂಕಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ. ಆದುದರಿಂದ ವಾಲ್‌ನಟ್, ಸಪೇಲಿ ಮುಂತಾದ ಮರಗಳಿಂದಲೂ ಉತ್ತಮ ಗಿಟಾರ್ ತಯಾರಿಸಬಹುದಾಗಿದೆ. ಚೇಗು ಬಲಿಯಲು ಹಲವು ದಶಕ ಬೇಕಾಗುವ ಬೀಟೆಗೆ ಇದರಿಂದ ರಕ್ಷಣೆ ದೊರೆಯುತ್ತದೆ.

ಗಮನಿಸಬೇಕಾದ ಅಂಶಗಳು

1. ಖಾಸಗಿ ಜಮೀನಿನ ಬೀಟೆ ಮರವನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅಗತ್ಯ. ಸಾಗಾಣಿಕೆಗೆ ಪ್ರತ್ಯೇಕ ರಹದಾರಿ ಪಡೆಯತಕ್ಕದ್ದು.

2. ಸರ್ಕಾರದಿಂದ ಮಂಜೂರಾದ ಜಮೀನಿನಲ್ಲಿ ಮರದ ಮೇಲಿನ ಹಕ್ಕು ಮಂಜೂರಾತಿಯ ಷರತ್ತುಗಳಿಗೆ ಒಳಪಟ್ಟಿರುತ್ತದೆ. ವ್ಯಾಪಾರಿಯಿಂದ ಮುಂಗಡ ಪಡೆಯುವ ಮುನ್ನ ದಾಖಲೆಗಳನ್ನು ಪರಿಶೀಲಿಸಿಕೊಳ್ಳುವುದು.

3. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮರವನ್ನು ಕಡಿಯುವುದು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಉಲ್ಲಂಘನೆಯಾಗುತ್ತದೆ.

4. ಬೀಟೆಯು 2017ರ ಜನವರಿ 2ರಿಂದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಸಿದ್ಧಗೊಂಡ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ದೊರೆತಿದೆ. ಈ ವಿನಾಯಿತಿಯು ದಿಮ್ಮಿ ಅಥವಾ ಸೀಳಿದ ಹಲಗೆಗೆ ಅನ್ವಯಿಸುವುದಿಲ್ಲ.

ಅನುಮತಿಯಿಲ್ಲದೆ ಕಡಿದ ಮರವನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿರುವುದರಿಂದ, ರೈತರಿಗೆ ಮರವೂ ಉಳಿಯದೆ, ಬೆಲೆಯೂ ದೊರೆಯದೆ ಹೋಗಬಹುದು. ಆದ ಕಾರಣ ಮರ ಕಡಿಸುವ ಮುನ್ನ ಸಮೀಪದ ವಲಯ ಅರಣ್ಯಾಧಿಕಾರಿಯವರ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.