ಗಣಕ "ಒಲ್ಲೆ" ಎಂದಾಗ...

ಕಳೆದ ಸಲ ನಮ್ಮ ಕೂಟದಲ್ಲಿ ಅನುವಾದದ ಬಗ್ಗೆ ಮಾತು ನಡೆದಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ನೀವು ಸಾಫ್ಟ್‌ವೇರಿನವರು. ನಿಮ್ಮಲ್ಲೂ ಅನುವಾದ ಇದೆಯಂತಲ್ಲ, ಅದು ತಪ್ಪಿದರೆ ಏನಾಗುತ್ತದೆ?" ಅವತ್ತು ಸರಿಯಾಗಿ ಉತ್ತರಿಸಲಾಗಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಗಣಕದ ಯಂತ್ರಾಂಶವನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಬೆಸೆಯುವ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಲಿನಕ್ಸ್ ಅಂಥದ್ದೊಂದು; 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ್ದು. ಅದನ್ನು ಬರೆದಿರುವುದು ಹೆಚ್ಚಾಗಿ ಸಿ ಭಾಷೆಯಲ್ಲಿ. ಯಂತ್ರಕ್ಕೆ ಸಿ ತಿಳಿಯದು. ಸಿ ಭಾಷೆಯನ್ನು ಯಂತ್ರದ ಭಾಷೆಗೆ ತರುವ ಅನುವಾದಕನೇ ಕಂಪೈಲರ್. ಲಿನಕ್ಸಿಗೆ ಮೊದಲಿನಿಂದಲೂ ಒದಗಿಬಂದ ಅನುವಾದಕ ಜಿಸಿಸಿ.

ತೊಡಕು ಎಲ್ಲಿ ಅಂತೀರಾ? ಕರ್ನಲ್ಲನ್ನು ಒಬ್ಬ ಅನುವಾದಕ, ಅದಕ್ಕೆ ಆಮೇಲೆ ಸೇರಿಸುವ ಡ್ರೈವರನ್ನು ಇನ್ನೊಬ್ಬ ಅನುವಾದಿಸಿದರೆ, ಎರಡೂ ತಂತಮ್ಮಷ್ಟಕ್ಕೆ ಸರಿಯಿದ್ದೂ ಒಂದಕ್ಕೊಂದು ಹೊಂದದೇ ಹೋಗಬಹುದು.

ಒಂದು ನಿಜವಾದ ಉದಾಹರಣೆ. ಹಲವು ಪ್ರೊಸೆಸರುಗಳಿರುವ ಗಣಕದಲ್ಲಿ, ಒಂದೇ ಮಾಹಿತಿಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ ಬೀಗ ಬೇಕು. ಒಂದೇ ಪ್ರೊಸೆಸರ್ ಇದ್ದರೆ ಆ ಬೀಗ ಬೇಡ. ಅದರ ಗಾತ್ರ ಸೊನ್ನೆ ಎಂದು ಬರೆದಿದ್ದರು. ಆದರೆ ಹಳೆಯ ಜಿಸಿಸಿ 2.95ಕ್ಕೆ ಖಾಲಿ ವಸ್ತುವನ್ನು ಸರಿಯಾಗಿ ನಿಭಾಯಿಸಲು ಬರುತ್ತಿರಲಿಲ್ಲ. ಅದಕ್ಕಾಗಿ ಬೀಗದೊಳಗೆ 4 ಬೈಟಿನ ಒಂದು ಸಂಖ್ಯೆಯನ್ನು ಸುಮ್ಮನೆ ಇಟ್ಟರು. ಅದಕ್ಕೆ ಕೊಟ್ಟ ಹೆಸರೇನು ಗೊತ್ತೇ? "ಜಿಸಿಸಿ ಈಸ್ ಬಗ್ಗಿ"! ಹೊಸ ಜಿಸಿಸಿ 3ರಲ್ಲಿ ಮಾತ್ರ ಅದು ಸೊನ್ನೆಯಾಗಿಯೇ ಉಳಿಯಿತು.

ಊರಿನ ಅಡಿಗೆಮನೆ ನೆನಪಿಸಿಕೊಳ್ಳಿ. ಕರೆಂಟು ಹೋದರೂ ಅಮ್ಮ ಸಾಲಿನ ಮೂರನೆಯ ಡಬ್ಬಿಗೆ ಕೈಹಾಕಿ ಸಕ್ಕರೆ ತೆಗೆಯುತ್ತಾರೆ. ಯಾರೋ ಮೊದಲಲ್ಲೊಂದು ಖಾಲಿ ಡಬ್ಬಿ ಇಟ್ಟುಬಿಟ್ಟರೆ? ಕೈಗೆ ಬರುವುದು ಉಪ್ಪು. ಆ 4 ಬೈಟುಗಳ ಕತೆಯೂ ಅಷ್ಟೇ. ಬೀಗದ ನಂತರದ ಪ್ರತಿಯೊಂದು ಮಾಹಿತಿಯೂ ಒಂದು ಸ್ಥಾನ ಪಕ್ಕಕ್ಕೆ ಸರಿದಿರುತ್ತದೆ.

ಇದನ್ನು ತಡೆಯಲೆಂದೇ 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್, ಪ್ರತಿ ಡ್ರೈವರಿನ ಮೇಲೂ ಅದನ್ನು ಅನುವಾದಿಸಿದ ಜಿಸಿಸಿಯ ಆವೃತ್ತಿಯನ್ನು ಮುದ್ರೆಯೊತ್ತಿ, ಹೊಂದದಿದ್ದರೆ "ಒಲ್ಲೆ" ಎನ್ನುತ್ತಿತ್ತು.

ಎಂ.ಟೆಕ್. ಮುಗಿಸಿ ಆಕ್ಲೆಂಡಿಗೆ ಬಂದ ಹೊಸತರಲ್ಲಿ ನನಗೂ ಹಾಗೇ ಅಂದಿತು. ಗ್ರಾಹಕರು ಕಾಯುತ್ತಿದ್ದರು, ನನಗೋ ಅವಸರ. ಬಲವಂತವಾಗಿ ಒಳಸೇರಿಸುವ ಆಜ್ಞೆಯೊಂದಿದೆ, ಕೊಟ್ಟೆ. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಗಣಕ ಕಲ್ಲಾಯಿತು. ಅದಕ್ಕಿಂತ ಕೆಟ್ಟದ್ದು, ಆ ನಾಲ್ಕು ದಿನ ಬರೆದಿಟ್ಟ ಕಡತಗಳಲ್ಲಿ ಯಾವುದು ನಂಬಲರ್ಹ ಎಂದು ಹೇಳುವಂತಿರಲಿಲ್ಲ. ಎಲ್ಲವನ್ನೂ ಹಳೆಯ ಪ್ರತಿಯಿಂದ ಮತ್ತೆ ಕಟ್ಟಬೇಕಾಯಿತು.

2006ರ ಜನವರಿಯಲ್ಲಿ ಜಿಸಿಸಿ 2.95ಕ್ಕೆ ಕರ್ನಲ್ ತಂಡ ವಿದಾಯ ಹೇಳಿತು. ಅದೇ ತಿಂಗಳು ಲಿನಕ್ಸಿನವರ ದೊಡ್ಡ ಸಮ್ಮೇಳನವೊಂದು ನಮ್ಮ ಡುನೆಡಿನ್ನಿನಲ್ಲೇ ನಡೆದಿತ್ತು. ಮುಂದೆ ಡ್ರೈವರಿನ ಆ ಮುದ್ರೆಯಿಂದ ಜಿಸಿಸಿಯ ಹೆಸರನ್ನೂ ಕೈಬಿಟ್ಟರು. ಪರೀಕ್ಷೆ ಮಾತ್ರ ನಿಂತಿಲ್ಲ. 2021ರ 5.15 ಕರ್ನಲ್ಲಿಗೆ ಕನಿಷ್ಠ ಜಿಸಿಸಿ 5.1 ಬೇಕು, 2025ರ 6.16ಕ್ಕೆ 8.1. ಅದಕ್ಕಿಂತ ಹಳೆಯದಾದರೆ ಕೆಲಸ ಶುರುವಾಗುವ ಮೊದಲೇ ನಿಲ್ಲಿಸಿಬಿಡುತ್ತದೆ.

ಈ ಪರೀಕ್ಷೆ ಬುದ್ಧಿವಂತನೇನಲ್ಲ. ಅರ್ಥ ನೋಡುವುದಿಲ್ಲ, ಬರೀ ಅಂಕಿ ಹೋಲಿಸುತ್ತದೆ. ಕೆಲವೊಮ್ಮೆ ಹೊಂದುವುದನ್ನೂ ತಡೆಯುತ್ತದೆ. ಆದರೂ ಆ ಅಂಕಿಯ ಹಿಂದೆ ಯಾರೋ ಕೈಸುಟ್ಟುಕೊಂಡ ಅನುಭವ ಇರುತ್ತದೆ.

ಹಿರಿಯರಿಗೆ ನನ್ನ ಉತ್ತರ ಇಷ್ಟೇ: ನಮ್ಮಲ್ಲಿ ಅನುವಾದ ತಪ್ಪಿದರೆ ಕೂಡಲೇ ಗೊತ್ತಾಗುವುದು ಪುಣ್ಯ. ಗೊತ್ತಾಗದೆ ನಾಲ್ಕು ದಿನ ನಡೆಯುವುದೇ ಅಪಾಯ.